ರಶೀದಿ ಕೇಳಿ, ಕನ್ನಡದಲ್ಲೇ ಕೇಳಿ: ಲಂಚದ ಎದುರು ಗಡಿನಾಡಿನ ನಾವು ಏನು ಮಾಡಬಹುದು

ಲಂಚದ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಮಾತು ಎರಡೇ ಕಡೆ ಹೋಗಿ ನಿಲ್ಲುತ್ತದೆ. ಒಂದೋ "ಎಲ್ಲರೂ ಅಷ್ಟೇ, ಏನು ಮಾಡಿಯೂ ಪ್ರಯೋಜನ ಇಲ್ಲ" ಅನ್ನುತ್ತೇವೆ. ಇಲ್ಲವೇ "ಒಬ್ಬ ಖಡಕ್ ಆಫೀಸರ್ ಬರಬೇಕು, ಆಗ ಎಲ್ಲ ಸರಿಯಾಗುತ್ತದೆ" ಅನ್ನುತ್ತೇವೆ. ಎರಡರಲ್ಲೂ ನಮಗೆ ಕೆಲಸವೇ ಇಲ್ಲ, ಗಮನಿಸಿದ್ದೀರಾ? ಆದರೆ ಕಾನೂನು ನೋಡಿದರೆ ಜನಸಾಮಾನ್ಯರ ಕೈಗೆ ಕೊಟ್ಟಿರುವ ಕೆಲಸ ತುಂಬಾ ಇದೆ. ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾತಾಡುವ ನಮಗೆ ಅದರಲ್ಲಿ ಇನ್ನೂ ಒಂದು ಕೆಲಸ ಜಾಸ್ತಿ ಇದೆ. ಲಂಚ ಬದುಕುವುದು ಕಾಗದ ಇಲ್ಲದ ಜಾಗದಲ್ಲಿ. ಬಾಯಿಮಾತು, "ನಾಳೆ ಬನ್ನಿ", "ಸಾರ್ ಇಲ್ಲ", "ಸ್ವಲ್ಪ ನೋಡಿಕೊಳ್ಳಬೇಕಾಗ್ತದೆ" ಇಂಥದ್ದರಲ್ಲಿ. ಆ ಜಾಗದಲ್ಲಿ ಕಾಗದ ಹುಟ್ಟಿಸುವುದು, ಅದೂ ನಮಗೆ ಓದಲು ಬರುವ ಭಾಷೆಯಲ್ಲಿ ಹುಟ್ಟಿಸುವುದು, ನಮ್ಮ ಕೆಲಸ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಲಂಚ ಎಲ್ಲ ಒಂದೇ ಥರ ಅಲ್ಲ.

ಒಂದು ಥರದ್ದು ನಮಗೆ ಹೇಗೂ ಸಿಗಬೇಕಾದ್ದನ್ನು ತಡೆದಿಟ್ಟು ಕೇಳುವುದು. ಪೊಸೆಶನ್ ಸರ್ಟಿಫಿಕೇಟ್, ಲೊಕೇಶನ್ ಸರ್ಟಿಫಿಕೇಟ್, ಆದಾಯದ ಸರ್ಟಿಫಿಕೇಟ್, ಜಾಗ ಹೆಸರಿಗೆ ಮಾಡಿಸುವ ಪೋಕ್ಕುವರವ್, ಹೊಸ ಮನೆಗೆ ನಂಬ್ರ. ಇಲ್ಲಿ ಕೊಡುವವನಿಗೆ ಹೊಟ್ಟೆ ಉರಿಯುತ್ತದೆ. ಧೈರ್ಯ ಬಂದರೆ ಆತ ದೂರು ಕೊಡುತ್ತಾನೆ.

ಇನ್ನೊಂದು ಥರದ್ದರಲ್ಲಿ ಕೊಟ್ಟವನಿಗೂ ಖುಷಿ, ತೆಗೆದುಕೊಂಡವನಿಗೂ ಖುಷಿ. ಡಾಮರು ಎಸ್ಟಿಮೇಟಿನಲ್ಲಿ ಹೇಳಿದಷ್ಟು ದಪ್ಪ ಇಲ್ಲ, ಆದರೂ ಬಿಲ್ ಪಾಸ್. ಅನುಮತಿ ಇಲ್ಲದ ಕೆಂಪುಕಲ್ಲಿನ ಕೋರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗದ್ದೆ ಕಾಗದದಲ್ಲಿ ಗದ್ದೆ ಅಲ್ಲದೆ ಹೋಗುತ್ತದೆ. ಇಲ್ಲಿ ನಷ್ಟ ಆಗುವುದು ಆ ಕೋಣೆಯಲ್ಲೇ ಇಲ್ಲದವರಿಗೆ. ಬಾವಿ ಬತ್ತಿದ ಪಕ್ಕದ ಮನೆಯವರಿಗೆ, ಮೊದಲ ಮಳೆಗೇ ಕಿತ್ತುಹೋದ ರಸ್ತೆಯಲ್ಲಿ ಆಟೋ ಓಡಿಸುವವನಿಗೆ. ದೂರು ಕೊಡುವವರು ಯಾರು? ಯಾರೂ ಇಲ್ಲ. ಆದ್ದರಿಂದಲೇ ಈ ಎರಡಕ್ಕೂ ಬೇರೆ ಬೇರೆ ದಾರಿ ಬೇಕು. ಒಂದಕ್ಕೆ ರಶೀದಿ ಮತ್ತು ವಿಜಿಲೆನ್ಸ್, ಅಂದರೆ ಲಂಚ ತೆಗೆದುಕೊಳ್ಳುವವರನ್ನು ಹಿಡಿಯುವ ಕೇರಳದ ತನಿಖಾ ಸಂಸ್ಥೆ. ಇನ್ನೊಂದಕ್ಕೆ ಮಾಹಿತಿ ಹಕ್ಕು ಮತ್ತು ಗ್ರಾಮಸಭೆ.

ಮೊದಲನೆಯದರಿಂದ ಶುರು ಮಾಡುತ್ತೇನೆ. 2023ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯ ಪಾಲಕ್ಕಯಂ ವಿಲೇಜ್ ಆಫೀಸಿನ ಒಬ್ಬ ಸಿಬ್ಬಂದಿಯನ್ನು ವಿಜಿಲೆನ್ಸ್ ಹಿಡಿದದ್ದು ನೆನಪಿದೆಯಾ? ಹಿಡಿದದ್ದು 2,500 ರೂಪಾಯಿಗೆ. ಒಂದು ಲೊಕೇಶನ್ ಸರ್ಟಿಫಿಕೇಟ್ ವಿಷಯ. ಅದೂ ಜನರ ದೂರು ಕೇಳುವುದಕ್ಕೆಂದೇ ಮಣ್ಣಾರ್ಕ್ಕಾಡಿನಲ್ಲಿ ನಡೆಯುತ್ತಿದ್ದ ತಾಲೂಕು ಅದಾಲತ್ತಿನ ಜಾಗದಲ್ಲಿ. ಆಮೇಲೆ ಆತನ ಬಾಡಿಗೆ ಕೋಣೆ ತೆರೆದು ನೋಡಿದಾಗ ವಿಜಿಲೆನ್ಸಿಗೆ ಸಿಕ್ಕಿದ್ದು ಸುಮಾರು 35 ಲಕ್ಷ ನಗದು, ಬ್ಯಾಂಕ್ ಠೇವಣಿಯ ಕಾಗದ, ಕಿಲೋಗಟ್ಟಲೆ ನಾಣ್ಯ. ಜೊತೆಗೆ ಜೇನು, ಅಡುಗೆಗೆ ಹಾಕುವ ಕೊಡಂಪುಳಿ ಅನ್ನುವ ಹುಳಿ. ನನಗೆ ನೋಟಿನ ಕಂತೆಗಿಂತ ಆ ಜೇನು ಮತ್ತು ಪುಳಿಯೇ ಮನಸ್ಸಿನಲ್ಲಿ ಉಳಿಯಿತು. ಹಣದ ಜೊತೆಗೆ ಗುಡ್ಡದ ಬದಿಯ ಮನೆಗಳಲ್ಲಿ ಸಿಗುವ ವಸ್ತುಗಳೂ ಆ ಕೋಣೆಗೆ ಬಂದು ಸೇರಿದ್ದವು. ದೊಡ್ಡ ಮೊತ್ತ ಒಂದೇ ದಿನ ಬರುವುದಿಲ್ಲ. ಐನೂರು, ಸಾವಿರ, ಎರಡು ಸಾವಿರ ಅಂತ ಬಂದು ಸೇರುತ್ತದೆ, ಪ್ರತಿಯೊಬ್ಬರೂ "ಇಷ್ಟಕ್ಕೆ ಯಾಕೆ ಗಲಾಟೆ" ಅಂದುಕೊಂಡು ಕೊಟ್ಟು ಹೋಗಿರುತ್ತಾರೆ. ಅದು ನಿಂತದ್ದು ಒಬ್ಬ ಮನುಷ್ಯ ವಿಜಿಲೆನ್ಸಿಗೆ ದೂರು ಕೊಟ್ಟದ್ದರಿಂದ.

ಹಾಗಾದರೆ ಲಂಚ ಬದುಕುವ ಆ ಕಾಗದ ಇಲ್ಲದ ಜಾಗ ಹೇಗೆ ಹುಟ್ಟುತ್ತದೆ? ತಡ ಮಾಡುವುದರಿಂದ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ "ಕೊಡುವುದಿಲ್ಲ" ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ, ಸುಮ್ನೆ ತಡ ಮಾಡುತ್ತಾನೆ. ಅರ್ಜಿ ಮೇಜಿನ ಮೇಲೆ ಇರುತ್ತದೆ. ತಾರೀಕು ಇಲ್ಲ, ನಂಬ್ರ ಇಲ್ಲ. ಹಾಗಿರುವಾಗ ತಡ ಆಗಿದೆ ಅಂತ ನೀವು ಹೇಳುವುದಾದರೂ ಹೇಗೆ? ಯಾವತ್ತು ಕೊಟ್ಟಿರಿ ಅನ್ನುವುದಕ್ಕೇ ಸಾಕ್ಷಿ ಇಲ್ಲ. ಕರ್ನಾಟಕದಲ್ಲಿ ಸಂಬಂಧಿಕರಿರುವವರಿಗೆ "ಸಕಾಲ" ಗೊತ್ತಿರುತ್ತದೆ, ಇಷ್ಟು ದಿನದೊಳಗೆ ಕೆಲಸ ಆಗಬೇಕು ಅನ್ನುವ ಕಾನೂನು. ಕೇರಳದಲ್ಲೂ 2012ರಲ್ಲಿ ಸೇವಾ ಹಕ್ಕು ಕಾಯ್ದೆ ಬಂದಿದೆ, ನಮ್ಮ ಕನ್ನಡದವರಲ್ಲಿ ಬಹಳ ಮಂದಿಗೆ ಇದರ ಹೆಸರೇ ಗೊತ್ತಿಲ್ಲ. ಅದರ ತಿರುಳು ಇಷ್ಟೇ: ಯಾವ ಸೇವೆ, ಎಷ್ಟು ದಿನದಲ್ಲಿ, ಯಾರು ಕೊಡಬೇಕು ಅಂತ ಇಲಾಖೆ ಮೊದಲೇ ಹೇಳಿರಬೇಕು. ಅರ್ಜಿ ಕೊಟ್ಟರೆ ರಶೀದಿ ಕೊಡಬೇಕು. ಆಗುವುದಿಲ್ಲ ಅಂದರೆ ಕಾರಣ ಬರೆದು ಕೊಡಬೇಕು. ಅದರ ಮೇಲೆ ಅಪೀಲು ಹೋಗಬಹುದು, ಅಪೀಲಿನ ಮೇಲೆ ಇನ್ನೊಂದು ಅಪೀಲು ಇದೆ, ತಪ್ಪು ಮಾಡಿದ ಅಧಿಕಾರಿಗೆ ದಂಡ ಇದೆ.

ಈಗ ಹೆಚ್ಚಿನ ಅರ್ಜಿ ಅಕ್ಷಯ ಕೇಂದ್ರದ (ಸರಕಾರಿ ಸೇವೆಗಳಿಗೆ ಅರ್ಜಿ ಹಾಕಿಕೊಡುವ ಕೇಂದ್ರ) ಮೂಲಕ ಆನ್‌ಲೈನ್ ಹೋಗುತ್ತದೆ. ಆಗ ಅರ್ಜಿ ನಂಬ್ರ ಇರುವ ಪ್ರಿಂಟ್ ಕೈಗೆ ತೆಗೆದುಕೊಳ್ಳಿ, ಅದೇ ನಿಮ್ಮ ರಶೀದಿ. ಕೈಯಿಂದ ಕೊಡುವ ಅರ್ಜಿಯಾದರೆ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಜಗಳ ಬೇಡ. ಹೊರಗೆ ಬಂದು ಅಂಚೆ ಕಚೇರಿಯಿಂದ ರಶೀದಿ ಸಿಗುವ ಹಾಗೆ ಕಳಿಸಿಬಿಡಿ. ಅದೇ ಕಾಗದ, ಅದೇ ಕಚೇರಿ, ಆದರೆ ಈಗ ತಾರೀಕು ಹುಟ್ಟಿತು. "ನಾಳೆ ಬನ್ನಿ" ಅಂತ ಹೇಳುವವನಿಗೂ ಇದು ಗೊತ್ತಾಗುತ್ತದೆ.

ಇನ್ನು ಭಾಷೆಯ ಮಾತು. ಇದು ನಮ್ಮ ಗಡಿನಾಡಿನದ್ದೇ ವಿಷಯ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿ, ಬೆಳ್ಳೂರು, ಕುಂಬಡಾಜೆ ಕಡೆ ಕನ್ನಡ ಮೀಡಿಯಂನಲ್ಲಿ ಓದಿದ ಅರುವತ್ತು ದಾಟಿದ ಹಿರಿಯರನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಕೊಂಕಣಿಯೋ, ಪೇಪರ್ ಓದುವುದು ಕನ್ನಡದ್ದು, ಮಲಯಾಳ ಸಂತೆಗೆ ಬೇಕಾದಷ್ಟು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರ ಕೈಗೆ ವಿಲೇಜ್ ಆಫೀಸಿನಿಂದ ಮಲಯಾಳದ ಒಂದು ನೋಟೀಸ್ ಬಂದರೆ ಏನು ಮಾಡುತ್ತಾರೆ? ಗೊತ್ತಿದ್ದವರ ಹತ್ತಿರ ಹೋಗುತ್ತಾರೆ. ಆ ಗೊತ್ತಿದ್ದವನು ಒಳ್ಳೆಯವನಾದರೆ ಓದಿ ಹೇಳುತ್ತಾನೆ. ಅಲ್ಲದಿದ್ದರೆ "ಇದು ದೊಡ್ಡ ಕೇಸ್ ಅಣ್ಣ, ಸಾರ್‌ಗೆ ಸ್ವಲ್ಪ ಕೊಡಬೇಕಾಗ್ತದೆ, ನಾನು ಮಾತಾಡ್ತೇನೆ" ಅನ್ನುತ್ತಾನೆ. ಆ ನೋಟೀಸಿನಲ್ಲಿ ಬಾಕಿ ತೆರಿಗೆ ಕಟ್ಟಿ ಅಂತ ಮಾತ್ರ ಇರಬಹುದು. ಹಣ ಸಾರ್‌ಗೆ ಹೋಯಿತೋ ಆ ಬ್ರೋಕರನ ಕಿಸೆಯಲ್ಲೇ ಉಳಿಯಿತೋ ಯಾರಿಗೂ ಗೊತ್ತಿಲ್ಲ. ಎಷ್ಟೋ ಸಲ ಪ್ರಾಮಾಣಿಕ ಗುಮಾಸ್ತನ ಹೆಸರಿನಲ್ಲಿ ಬೇರೆಯವನು ವಸೂಲಿ ಮಾಡಿರುತ್ತಾನೆ, ಆ ಗುಮಾಸ್ತನಿಗೆ ವಿಷಯವೇ ತಿಳಿದಿರುವುದಿಲ್ಲ, ಕೆಟ್ಟ ಹೆಸರು ಮಾತ್ರ ಅವನದ್ದು. ಭ್ರಷ್ಟಾಚಾರ ತಡೆ ಕಾಯ್ದೆಯ ಸೆಕ್ಷನ್ 7ಎ ಇರುವುದು ಇಂಥವರಿಗಾಗಿಯೇ. ಅಧಿಕಾರಿಯ ಮೇಲೆ ಪ್ರಭಾವ ಬೀರಿ ಕೆಲಸ ಮಾಡಿಸುತ್ತೇನೆ ಅಂತ ಹಣ ತೆಗೆದುಕೊಂಡವನು ಸರಕಾರಿ ನೌಕರನೇ ಆಗಿರಬೇಕಾಗಿಲ್ಲ, ಅವನಿಗೂ 3ರಿಂದ 7 ವರ್ಷ ಜೈಲು.

ಆದರೆ ಶಿಕ್ಷೆಗಿಂತ ಮೊದಲು ಆ ಬ್ರೋಕರ್ ನಿಂತಿರುವ ಜಾಗವನ್ನೇ ಇಲ್ಲವಾಗಿಸಬೇಕು. ಅದಕ್ಕೆ ಕಾನೂನು ನಮ್ಮ ಕಡೆ ಇದೆ. ಸಂವಿಧಾನದ 350ನೇ ವಿಧಿ ನೋಡಿ. ಯಾವುದೇ ಕುಂದುಕೊರತೆಗೆ ಪರಿಹಾರ ಕೇಳಿ, ಯಾವುದೇ ಅಧಿಕಾರಿಗೆ, ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಅನ್ನುತ್ತದೆ ಅದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದಲೇ ಇಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅನ್ನುವ ಮಾತು ಒಪ್ಪಿತವಾಗಿದೆ. ಕನ್ನಡ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಪಿಎಸ್‌ಸಿ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಪರೀಕ್ಷೆ ನಡೆಸುತ್ತದೆ. ಆ ಹುದ್ದೆ ಖಾಲಿ ಬಿದ್ದಾಗ, ಅಥವಾ ಕನ್ನಡ ಬಾರದವರನ್ನು ಅಲ್ಲಿ ಕೂರಿಸಿದಾಗ ನಾವು ಅದನ್ನು ಕನ್ನಡಕ್ಕಾದ ಅವಮಾನ ಅಂತ ಮಾತ್ರ ನೋಡುತ್ತೇವೆ. ಪ್ರತಿಭಟನೆ ಮಾಡುತ್ತೇವೆ, ಮಾಡಬೇಕಾದ್ದೇ. ಆದರೆ ಅದು ನೇರವಾಗಿ ಕಿಸೆಯ ವಿಷಯವೂ ಹೌದು. ಕೌಂಟರಿನ ಆಚೆ ಕನ್ನಡ ಬಲ್ಲ ಒಬ್ಬರು ಇದ್ದರೆ ಈಚೆ ಬ್ರೋಕರ್ ಬೇಕಾಗಿಲ್ಲ. ಕನ್ನಡದ ಫಾರಂ ಕೇಳುವ ಪ್ರತಿಯೊಬ್ಬನೂ ಲಂಚದ ಒಂದು ದಾರಿ ಮುಚ್ಚುತ್ತಿದ್ದಾನೆ ಅಂತ ನಾನು ಮನಸಾರೆ ನಂಬುತ್ತೇನೆ.

ಸರಿ, ರಶೀದಿ ಕೇಳಿದಿರಿ, ಕನ್ನಡದಲ್ಲೇ ಕೇಳಿದಿರಿ, ಆದರೂ ಎದುರಿಗೆ ಕೂತವನು ಹಣ ಕೇಳಿದ. ಆಗ?

ಇಲ್ಲಿ ಒಂದು ಗೊಂದಲ ಇದೆ. ನಾವು ಓದುವ ಪೇಪರ್, ನೋಡುವ ಟಿವಿ ಕನ್ನಡದ್ದು. ಬೆಳಗೆದ್ದರೆ "ಲೋಕಾಯುಕ್ತ ದಾಳಿ" ಅಂತ ಬರುತ್ತದೆ. ಹಾಗಾಗಿ ನಮ್ಮವರು ಕೂಡ "ಲೋಕಾಯುಕ್ತಕ್ಕೆ ಹೇಳಬೇಕು" ಅನ್ನುತ್ತಾರೆ. ಅದು ಕರ್ನಾಟಕದ ಏರ್ಪಾಡು. ಅಲ್ಲಿ 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಬೇರೆ ಮಾಡಿದ್ದರು, 2022ರ ಆಗಸ್ಟಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೇ ವಾಪಸ್ ಕೊಟ್ಟಿತು. ಕೇರಳದಲ್ಲೂ 1999ರ ಕಾಯ್ದೆಯಂತೆ ಲೋಕಾಯುಕ್ತ ಇದೆ. ಆದರೆ ಲಂಚ ತೆಗೆದುಕೊಳ್ಳುವಾಗ ಕೈಯಲ್ಲೇ ಹಿಡಿಯುವ ಕೆಲಸ ವಿಜಿಲೆನ್ಸ್ ಆಂಡ್ ಆಂಟಿ ಕರಪ್ಶನ್ ಬ್ಯೂರೋದ್ದು, ಜನ ಸುಮ್ನೆ ವಿಜಿಲೆನ್ಸ್ ಅನ್ನುತ್ತಾರೆ. ಕಾಸರಗೋಡಿನಲ್ಲೇ ಅದರ ಘಟಕ ಇದೆ. ಟೋಲ್ ಫ್ರೀ ನಂಬ್ರ 1064. ಸೂತ್ರ ಸುಲಭ: ಲಂಚ ಕೇಳಿದ ಅಧಿಕಾರಿ ಎಲ್ಲಿ ಕೆಲಸ ಮಾಡುತ್ತಾನೋ ಅಲ್ಲಿಗೆ ದೂರು. ವಿಟ್ಲದಲ್ಲೋ ಪುತ್ತೂರಿನಲ್ಲೋ ನಿಮ್ಮ ಜಾಗ ಇದ್ದು ಅಲ್ಲಿ ಕೇಳಿದರೆ ಕರ್ನಾಟಕ ಲೋಕಾಯುಕ್ತ. ಬದಿಯಡ್ಕದಲ್ಲಿ ಕೇಳಿದರೆ ಕೇರಳ ವಿಜಿಲೆನ್ಸ್. ಕೇಂದ್ರ ಸರಕಾರದ ಇಲಾಖೆಯವನಾದರೆ ಸಿಬಿಐ.

ದೂರು ಕೊಟ್ಟ ಮೇಲೆ ಏನಾಗುತ್ತದೆ ಅನ್ನುವುದು ಗೊತ್ತಿಲ್ಲದ ಕಾರಣಕ್ಕೇ ಬಹಳ ಜನ ಹೆದರುತ್ತಾರೆ. ಹೀಗೆ ನಡೆಯುತ್ತದೆ. ನಿಮ್ಮ ಹೇಳಿಕೆ ಬರೆದುಕೊಳ್ಳುತ್ತಾರೆ, ಕೇಸ್ ದಾಖಲಿಸುತ್ತಾರೆ. ಕೊಡಬೇಕಾದ ನೋಟುಗಳ ನಂಬ್ರ ಒಂದೊಂದಾಗಿ ಬರೆದಿಡುತ್ತಾರೆ. ಪೊಲೀಸರಲ್ಲದ, ಬೇರೆ ಇಲಾಖೆಯ ಇಬ್ಬರು ಅಧಿಕಾರಿಗಳು ಸಾಕ್ಷಿಗಳಾಗಿ ಇರುತ್ತಾರೆ. ಆ ನೋಟುಗಳಿಗೆ ಫಿನಾಫ್ತಲಿನ್ ಅನ್ನುವ ಬಿಳಿ ಪುಡಿ ಹಚ್ಚುತ್ತಾರೆ, ಹಚ್ಚಿದ್ದು ಕಣ್ಣಿಗೆ ಕಾಣುವುದಿಲ್ಲ. ನಿಮಗೆ ಒಂದು ಮಾತು ಒತ್ತಿ ಹೇಳುತ್ತಾರೆ: ಆತ ಕೇಳಿದರೆ ಮಾತ್ರ ಕೊಡಿ, ನೀವಾಗಿ ಮುಂದೆ ಚಾಚಬೇಡಿ. ಕೊಟ್ಟ ಮೇಲೆ ಮೊದಲೇ ಹೇಳಿಕೊಟ್ಟ ಸನ್ನೆ ಮಾಡುತ್ತೀರಿ. ತಂಡ ಒಳಗೆ ಬರುತ್ತದೆ. ಒಂದು ಗ್ಲಾಸಿನಲ್ಲಿ ಸೋಡಿಯಂ ಕಾರ್ಬೋನೇಟ್ ಕರಗಿಸಿದ ನೀರು ಇರುತ್ತದೆ, ಬಣ್ಣ ಇಲ್ಲದ ನೀರು. ಆತನ ಬೆರಳು ಅದರಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ಹಾಕಿ ಸೀಲು ಮಾಡಿ ಲ್ಯಾಬಿಗೆ ಕಳಿಸುತ್ತಾರೆ, ಕಿಸೆಗೆ ಹಾಕಿಕೊಂಡಿದ್ದರೆ ಶರ್ಟಿನ ಕಿಸೆಯನ್ನೂ ತೊಳೆದು ನೋಡುತ್ತಾರೆ.

"ಕೇಳಿದರೆ ಮಾತ್ರ ಕೊಡಿ" ಅನ್ನುವುದು ಯಾಕೆ ಅಷ್ಟು ಮುಖ್ಯ ಗೊತ್ತಾ? ಕೋರ್ಟಿನಲ್ಲಿ ಕೈ ಗುಲಾಬಿ ಆದದ್ದು ಮಾತ್ರ ಸಾಲುವುದಿಲ್ಲ. ಆತ ಲಂಚ ಕೇಳಿದ್ದ ಅಂತ ಸಾಬೀತಾಗಬೇಕು. ಎಷ್ಟೋ ಕೇಸ್ ಬಿದ್ದುಹೋಗುವುದು ಇಲ್ಲೇ. ದೂರು ಕೊಟ್ಟವರು ವರ್ಷಗಳ ನಂತರ ಕೋರ್ಟಿನಲ್ಲಿ ಮಾತು ಬದಲಿಸುತ್ತಾರೆ, ಅಥವಾ ಅಷ್ಟರಲ್ಲಿ ತೀರಿಕೊಂಡಿರುತ್ತಾರೆ. 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ನೀರಜ್ ದತ್ತಾ ಕೇಸಿನಲ್ಲಿ, ದೂರುದಾರ ಇಲ್ಲದಿದ್ದರೂ, ಮಾತು ಬದಲಿಸಿದರೂ, ಬೇರೆ ಸಾಕ್ಷಿ ಮತ್ತು ಸಂದರ್ಭಗಳಿಂದ ಇದನ್ನು ಸಾಬೀತು ಮಾಡಬಹುದು ಅಂತ ಹೇಳಿತು. ಒಳ್ಳೆಯ ತೀರ್ಪು. ಆದರೂ ದೂರು ಕೊಟ್ಟವರು ಕೊನೆತನಕ ಗಟ್ಟಿ ನಿಂತರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಫೋನಿನಲ್ಲಿ ರೆಕಾರ್ಡ್ ಆದ ಮಾತು ಇದ್ದರೆ ಅದನ್ನು ಅಳಿಸಬೇಡಿ, ಕತ್ತರಿಸಬೇಡಿ, ವಾಟ್ಸಾಪಿನಲ್ಲಿ ಹತ್ತು ಜನರಿಗೆ ಕಳಿಸಬೇಡಿ, ಆ ಫೋನನ್ನೇ ಜೋಪಾನವಾಗಿಟ್ಟು ತನಿಖೆಯವರಿಗೆ ಹೇಳಿ.

ಇನ್ನೊಂದು ವಿಷಯ ತಿಳಿದಿರಲೇಬೇಕು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, 7 ವರ್ಷದವರೆಗೆ ಜೈಲು ಇರಬಹುದು. ಆದರೆ ಒತ್ತಾಯಕ್ಕೆ ಕೊಡಬೇಕಾಗಿ ಬಂದವರು 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ಇದು ಅನ್ವಯಿಸುವುದಿಲ್ಲ. ಮೊದಲೇ ತಿಳಿಸಿ, ಅವರ ಸಹಾಯದಿಂದ ಕೊಟ್ಟರಂತೂ ತೊಂದರೆಯೇ ಇಲ್ಲ. ಅಂದರೆ ಕೊಟ್ಟು ಬಂದು ತಿಂಗಳುಗಟ್ಟಲೆ ಮನೆಯಲ್ಲಿ ಶಾಪ ಹಾಕುತ್ತಾ ಕೂತರೆ ನಮ್ಮದೇ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಕೇಳಿದ ದಿನವೇ 1064.

ಈಗ ಎರಡನೇ ಥರದ್ದಕ್ಕೆ ಬರೋಣ, ಇಬ್ಬರೂ ಖುಷಿಯಾಗಿರುವ ಲಂಚ. ನನ್ನ ಅಭಿಪ್ರಾಯದಲ್ಲಿ ಊರಿಗೆ ಜಾಸ್ತಿ ನಷ್ಟ ಮಾಡುವುದು ಇದೇ, ಮತ್ತು ನಾವು ಅತಿ ಕಡಿಮೆ ತಲೆಕೆಡಿಸಿಕೊಳ್ಳುವುದೂ ಇದಕ್ಕೇ, ಯಾಕೆಂದರೆ ನಮ್ಮ ಕಿಸೆಯಿಂದ ನೋಟು ಹೋದದ್ದು ಕಾಣುವುದಿಲ್ಲ.

ಇದನ್ನು ಹಿಡಿಯುವ ದಾರಿ ತೋರಿಸಿದವರು ರಾಜಸ್ಥಾನದ ಬಡ ಹಳ್ಳಿಗರು. 1990ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ಟಿತು. ಬರಗಾಲದ ಕಾಮಗಾರಿಯಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ "ದಾಖಲೆಯಲ್ಲಿ ನೀನು ಅಷ್ಟು ಕೆಲಸ ಮಾಡಿಲ್ಲ" ಅನ್ನುತ್ತಿದ್ದರು. ದಾಖಲೆ ತೋರಿಸಿ ಅಂದರೆ ಅದು ಸರಕಾರದ ಗುಟ್ಟು. ಹೇಗೋ ಕೆಲವು ದಾಖಲೆ ಕೈಗೆ ಸಿಕ್ಕಿದಾಗ ಅವರು ಮಾಡಿದ್ದು ಇಷ್ಟೇ: 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಜನರನ್ನು ಸೇರಿಸಿ ಆ ಕಾಗದಗಳನ್ನು ಗಟ್ಟಿಯಾಗಿ ಓದಿದರು. ಇಂಥವನಿಗೆ ಇಷ್ಟು ದಿನದ ಕೂಲಿ ಕೊಟ್ಟಿದೆ ಅಂತ ಓದಿದರೆ ಆ ಹೆಸರಿನವನೇ ಎದ್ದು ನಿಂತು "ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ" ಅನ್ನುತ್ತಿದ್ದ. ಯಾವ ತನಿಖಾಧಿಕಾರಿಯೂ ಬೇಕಾಗಲಿಲ್ಲ. ಕಾಗದ ಮತ್ತು ಊರಿನವರ ನೆನಪು ಎದುರುಬದುರಾಗಿ ನಿಂತಾಗ ಸುಳ್ಳು ತಾನಾಗಿ ಬಿತ್ತು. ಜನರ ಮುಂದೆಯೇ ನಡೆದ ಇಂಥ ವಿಚಾರಣೆಗಳಿಂದ, ಅಂದರೆ ಜನಸುನವಾಯಿಗಳಿಂದ, 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಡೆದ ದೀರ್ಘ ಧರಣಿಯಿಂದ ಬೆಳೆದ ಒತ್ತಾಯವೇ ಕೊನೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಾಯಿತು. ಇದು ದೆಹಲಿಯವರು ಕೃಪೆ ಮಾಡಿ ಕೊಟ್ಟ ಕಾನೂನಲ್ಲ. ಕೂಲಿಯವರು ಕೇಳಿ ಪಡೆದದ್ದು.

ಅದನ್ನು ನಮ್ಮ ವಾರ್ಡಿನ ರಸ್ತೆಗೆ ಹೇಗೆ ಬಳಸುವುದು? ಒಂದು ಬಿಳಿ ಹಾಳೆ ಸಾಕು. "ಸಾರ್ವಜನಿಕ ಮಾಹಿತಿ ಅಧಿಕಾರಿ, ಇಂಥ ಗ್ರಾಮ ಪಂಚಾಯತು" ಅಂತ ವಿಳಾಸ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ, ಕಾರ್ಡಿನ ಪ್ರತಿ ಇಟ್ಟರೆ ಆಯಿತು. ಯಾಕೆ ಕೇಳುತ್ತಿದ್ದೀರಿ ಅಂತ ಹೇಳಬೇಕಾಗಿಲ್ಲ, ಕೇಳುವ ಅಧಿಕಾರ ಅವರಿಗಿಲ್ಲ, ಇದು ಸೆಕ್ಷನ್ 6(2)ರಲ್ಲೇ ಇದೆ. "ರಸ್ತೆ ಯಾಕೆ ಹಾಳಾಯಿತು, ಇದರ ಹಿಂದೆ ಯಾರಿದ್ದಾರೆ" ಅಂತ ಬರೆಯಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ, ಕಾನೂನು ಕೊಡುವುದು ಇರುವ ದಾಖಲೆಯನ್ನು ಮಾತ್ರ. ದಾಖಲೆಯ ಹೆಸರು ಹೇಳಿ ಕೇಳಿ: ಈ ರಸ್ತೆಯ ಎಸ್ಟಿಮೇಟಿನ ಪ್ರತಿ, ಗುತ್ತಿಗೆದಾರರ ಜೊತೆ ಮಾಡಿದ ಒಪ್ಪಂದದ ಪ್ರತಿ, ಅಳತೆ ಪುಸ್ತಕದ ಪುಟಗಳು, ಪಾಸಾದ ಬಿಲ್ಲಿನ ಪ್ರತಿ.

ಇದರಲ್ಲಿ ಜೀವಾಳ ಇರುವುದು ಅಳತೆ ಪುಸ್ತಕದಲ್ಲಿ. ಎಂ ಬುಕ್ ಅನ್ನುತ್ತಾರೆ. ಇಂಜಿನಿಯರ್ ಜಾಗಕ್ಕೆ ಬಂದು ಅಳೆದು ಬರೆದದ್ದು ಅಂತ ಲೆಕ್ಕ: ಉದ್ದ ಇಷ್ಟು, ಅಗಲ ಇಷ್ಟು, ದಪ್ಪ ಇಷ್ಟು. ಬಿಲ್ ಪಾಸಾಗುವುದು ಆ ಅಂಕೆಗಳ ಮೇಲೆ. ಅದರ ಪ್ರತಿ ಕೈಗೆ ಬಂದ ದಿನ ನಾಲ್ಕು ಜನ ಸೇರಿ ಟೇಪ್ ಹಿಡಿದು ರಸ್ತೆಗೆ ಹೋಗಿ. ಪುಸ್ತಕದಲ್ಲಿ ಅಗಲ 3 ಮೀಟರ್ ಇದೆ, ಟೇಪಿನಲ್ಲಿ ಎಷ್ಟು ಬರುತ್ತದೆ? ಚರಂಡಿಗೆ ಕಲ್ಲು ಕಟ್ಟಿದ್ದು ಕಾಗದದಲ್ಲಿ ಎಷ್ಟು ಮೀಟರ್, ಕಣ್ಣಿಗೆ ಕಾಣುವುದು ಎಷ್ಟು? ಓದು ಬರಹ ಕಮ್ಮಿ ಇದ್ದವರೂ ಇದನ್ನು ಮಾಡಬಹುದು. ಕಾಮಗಾರಿ ನಡೆಯುತ್ತಿರುವಾಗಲೇ ಪರಿಶೀಲನೆ ಮಾಡುವ, ಸಾಮಗ್ರಿಯ ಪ್ರಮಾಣಿತ ಸ್ಯಾಂಪಲ್ ಕೇಳುವ ಹಕ್ಕೂ ಇದೇ ಕಾಯ್ದೆಯ ಸೆಕ್ಷನ್ 2(ಜೆ)ಯಲ್ಲಿ ಇದೆ. ಡಾಮರು ಹಾಕಿ ವರ್ಷದ ನಂತರ ಬೊಬ್ಬೆ ಹಾಕುವುದಕ್ಕಿಂತ ಹಾಕುವ ದಿನ ಅಲ್ಲಿ ನಿಲ್ಲುವುದು ಎಷ್ಟೋ ಮೇಲು, ಅಲ್ವಾ?

ಉತ್ತರಕ್ಕೆ 30 ದಿನ. ಬಾರದಿದ್ದರೆ ನಿರಾಕರಿಸಿದ್ದಾರೆ ಅಂತಲೇ ಅರ್ಥ, 30 ದಿನದೊಳಗೆ ಮೊದಲ ಅಪೀಲು ಅದೇ ಕಚೇರಿಯ ಮೇಲಧಿಕಾರಿಗೆ. ಅವಧಿ ಮೀರಿ ಕೊಟ್ಟರೆ ಪ್ರತಿಯ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಅಧಿಕಾರಿಗೆ ದಂಡ ಹಾಕಬಹುದು. ತಪ್ಪಿ ಬೇರೆ ಇಲಾಖೆಗೆ ಅರ್ಜಿ ಹಾಕಿದ್ದರೆ 5 ದಿನದೊಳಗೆ ಅವರೇ ಸರಿಯಾದ ಜಾಗಕ್ಕೆ ಕಳಿಸಬೇಕು, "ಇಲ್ಲಿಗಲ್ಲ" ಅಂತ ವಾಪಸ್ ಮಾಡುವಂತಿಲ್ಲ. ಒಂದು ಬೇಸರದ ಸಂಗತಿಯೂ ಇದೆ. 2023ರ ಡೇಟಾ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ)ಯನ್ನು ಬದಲಿಸಿ, ವೈಯಕ್ತಿಕ ಮಾಹಿತಿ ಅನ್ನುವ ಹೆಸರಿನಲ್ಲಿ ಇಲ್ಲ ಅನ್ನುವುದನ್ನು ಸುಲಭ ಮಾಡಿದೆ. ಯಾರ ಹೆಸರಿಗೆ ಕೂಲಿ ಬರೆದಿದ್ದಾರೆ ಅಂತ ಓದಿಯೇ ಶುರುವಾದ ಕಾನೂನಿಗೆ ಇದು ದೊಡ್ಡ ಪೆಟ್ಟು. ಸಾರ್ವಜನಿಕ ಹಿತ ದೊಡ್ಡದು ಅನಿಸಿದರೆ ಕೊಡಬಹುದು ಅನ್ನುವ ಸೆಕ್ಷನ್ 8(2) ಉಳಿದಿದೆ, ಅರ್ಜಿಯಲ್ಲಿ ಅದನ್ನು ಬರೆಯಿರಿ. ರಸ್ತೆ, ಚರಂಡಿ, ಬಿಲ್ಲುಗಳಿಗೆ ಹೇಗೂ ಈ ತೊಡಕು ಬರಬಾರದು.

ಹೆದರಿಕೆಯ ಮಾತು ಬಿಟ್ಟು ಮುಂದೆ ಹೋದರೆ ಅನ್ಯಾಯವಾಗುತ್ತದೆ. ಕೋಲಾರದ ಕೆಜಿಎಫ್‌ನ ಹುಡುಗ ಎಸ್. ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿ, ಕಲಬೆರಕೆ ಪೆಟ್ರೋಲ್ ಬಂಕಿನ ವಿರುದ್ಧ ಕ್ರಮ ತೆಗೆದುಕೊಂಡದ್ದಕ್ಕೆ 2005ರ ನವೆಂಬರಿನಲ್ಲಿ ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಅದಕ್ಕೆ ಎರಡು ವರ್ಷ ಮೊದಲು ಹೆದ್ದಾರಿ ಕಾಮಗಾರಿಯ ಅಕ್ರಮ ಬರೆದು ತಿಳಿಸಿದ ಸತ್ಯೇಂದ್ರ ದುಬೆಯನ್ನು ಗಯಾದಲ್ಲಿ ಕೊಂದರು. ಇಂಥವರನ್ನು ಕಾಪಾಡಲು 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು, ರಾಷ್ಟ್ರಪತಿ ಸಹಿಯೂ ಆಯಿತು, ಆದರೆ ಅದನ್ನು ಜಾರಿಗೆ ತರಲೇ ಇಲ್ಲ. ಇದು ನನಗೆ ಸಿಟ್ಟು ಬರಿಸುವ ಸಂಗತಿ.

ಆದ್ದರಿಂದ ಒಬ್ಬರೇ ಹೋಗಬೇಡಿ. ಒಂದೇ ರಸ್ತೆಯ ಬಗ್ಗೆ ಐದು ಮನೆಯವರು ಐದು ಅರ್ಜಿ ಹಾಕಿದರೆ ಯಾರನ್ನು ಅಂತ ಹೆದರಿಸುತ್ತಾರೆ? ಹೆಂಗಸರ ಕುಟುಂಬಶ್ರೀ ಗುಂಪು ಇದೆ, ಊರಿನ ಗ್ರಂಥಾಲಯ ಇದೆ, ಯುವಕರ ಕ್ಲಬ್ಬು ಇದೆ, ಭಜನಾ ಮಂದಿರದ ಸಮಿತಿ ಇದೆ. ಜಾತ್ರೆಯ ಲೆಕ್ಕಪತ್ರ ಬಾಗಿಲಿಗೆ ಅಂಟಿಸಿ ಪೈಸೆ ಪೈಸೆ ಓದುವ ಊರು ಇದು, ಪಂಚಾಯತಿನ ಲೆಕ್ಕ ಓದುವುದು ಅದಕ್ಕಿಂತ ಕಷ್ಟದ ಕೆಲಸ ಏನೂ ಅಲ್ಲ. ಮತ್ತೆ, ಹೆಸರು ಹೇಳಿ "ಕಳ್ಳ" ಅಂತ ಎಲ್ಲೂ ಬರೆಯಬೇಡಿ. ಕಾಗದದಲ್ಲಿ ಇಷ್ಟಿದೆ, ಜಾಗದಲ್ಲಿ ಇಷ್ಟಿದೆ ಅಂತ ಮಾತ್ರ ಬರೆಯಿರಿ. ಅದು ನಿಮ್ಮನ್ನೂ ಕಾಪಾಡುತ್ತದೆ, ತಪ್ಪಿಲ್ಲದವನ ಮಾನವನ್ನೂ ಉಳಿಸುತ್ತದೆ.

ಆ ಕಾಗದ ಹಿಡಿದು ಹೋಗಬೇಕಾದ ಜಾಗ ಗ್ರಾಮಸಭೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ, ಆ ವಾರ್ಡಿನ ಎಲ್ಲ ಮತದಾರರೂ ಅದರ ಸದಸ್ಯರು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸತತ ಎರಡು ಸಲ ಸಭೆ ಕರೆಯದ ವಾರ್ಡ್ ಮೆಂಬರ್ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು ಅಂತ ಅದೇ ಕಾಯ್ದೆ ಹೇಳುತ್ತದೆ. ಅಷ್ಟು ಗಟ್ಟಿ ಇದೆ ಕಾನೂನು. ಆದರೆ ನಾವು ಅಲ್ಲಿಗೆ ಹೋಗುವುದು ಕೋಳಿಮರಿಯೋ ತೆಂಗಿನ ಸಸಿಯೋ ಕೊಡುವ ಲಿಸ್ಟಿನಲ್ಲಿ ಹೆಸರು ಸೇರಿಸಲು ಮಾತ್ರ. ರಿಜಿಸ್ಟರಿಗೆ ಸಹಿ ಹಾಕಿ ಬಸ್ಸಿನ ಟೈಮ್ ನೋಡುತ್ತೇವೆ. ಒಂದು ಸಲ ಎದ್ದು ನಿಂತು ಆ ಎಂ ಬುಕ್ಕಿನ ಪುಟ ಓದಿ ನೋಡಿ, ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿ. ರಸ್ತೆಯ ಪಕ್ಕದ ಮನೆಯವರು ಅಲ್ಲೇ ಕೂತಿರುತ್ತಾರೆ. ನಿಮ್ಮ ಪ್ರಶ್ನೆ ಮತ್ತು ಕೊಟ್ಟ ಉತ್ತರ ಎರಡನ್ನೂ ಮಿನಿಟ್ಸಿನಲ್ಲಿ ಬರೆಸಿ, ಬರೆದದ್ದನ್ನು ಓದಿಸಿ. ಮಲಯಾಳದಲ್ಲಿ ಮಾತ್ರ ಬರೆದಿದ್ದರೆ ಕನ್ನಡದಲ್ಲೂ ಬರೆಯಲು ಹೇಳಿ, ಆಮೇಲೆ ಸಹಿ ಹಾಕಿ.

ಅಲ್ಲೂ ಉತ್ತರ ಸಿಗದಿದ್ದರೆ ಪಂಚಾಯತು, ನಗರಸಭೆಗಳ ದೂರು ಕೇಳುವುದಕ್ಕೆಂದೇ ಕೇರಳದಲ್ಲಿ ಒಂಬುಡ್ಸ್‌ಮನ್ ಇದ್ದಾರೆ. ಭ್ರಷ್ಟಾಚಾರ, ಅಧಿಕಾರದ ದುರ್ಬಳಕೆ, ಕರ್ತವ್ಯಲೋಪ ಯಾವುದಿದ್ದರೂ ಅವರ ಮುಂದೆ ಹೋಗಬಹುದು, ಮೆಂಬರ್ ಇರಲಿ ಸೆಕ್ರೆಟರಿ ಇರಲಿ. ದೂರಿನ ಜೊತೆ ಎಸ್ಟಿಮೇಟ್ ಮತ್ತು ಎಂ ಬುಕ್ಕಿನ ಪ್ರತಿ, ನೀವು ಅಳೆದ ಅಳತೆ, ತಾರೀಕು ಇರುವ ಫೋಟೋ, ಗ್ರಾಮಸಭೆಯ ಮಿನಿಟ್ಸಿನ ಪ್ರತಿ ಇಡಿ. ಟೇಪ್ ಹಿಡಿದ ನಾಲ್ವರೂ ಸಹಿ ಹಾಕಿ, ಒಂದು ಪೂರ್ತಿ ಸೆಟ್ಟಿನ ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿ ಇಡಿ, ಬೇಕಾದವರು ಬಂದು ಓದಲಿ.